ದುಕ್ಮ್ ಬಂದರು ಮತ್ತು ಹಮ್ಮಣ್ಣ ಮಾವನ ಪಾಲು

ಹಾರವಾಡ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅದಕ್ಕೇ ಪ್ರವಾಸ ಹೋದಾಗ ದಿನಚರಿಯ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಕಂಡದ್ದು’ ಎಂದೂ ಬಲಕ್ಕೆ ‘ಕಂಡೆನೆಂದುಕೊಂಡದ್ದು’ ಎಂದೂ ಬರೆಯುತ್ತೇನೆ. ಒಮಾನಿನಲ್ಲಿ ಕಳೆದ ದಿನಗಳ ಪುಟಗಳನ್ನು ಈಗ ತಿರುವಿದರೆ ಬಲಗಡೆಯೇ ಹೆಚ್ಚು ತುಂಬಿದೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ನಾನು ಕಾರವಾರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆ ಭಾವಿಕೇರಿಯಲ್ಲಿ, ತಾಯಿಯ ತವರು ಹಾರವಾಡದಲ್ಲಿ. ತಾಯಿಯ ತಮ್ಮ ಹಮ್ಮಣ್ಣ ಮಾವನಿಗೆ ಸ್ವಲ್ಪ ಗದ್ದೆ, ಒಂದು ದೋಣಿ ಮತ್ತು ಒಂದು ರಂಪಣಿ ಬಲೆ ಇವೆ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯ ಮೇಲಿನಿಂದ ಎಳೆಯುವ ಉದ್ದನೆಯ ಬಲೆ ಅದು. ಎಳೆಯಲು ಹತ್ತಾರು ಕೈ ಬೇಕು. ಆ ಕೈಗಳಿಗೆ ಹಾಜರಿ ಪುಸ್ತಕವಿಲ್ಲ. ಬಲೆ ಬಿದ್ದ ಸುದ್ದಿ ಕೇಳಿ ಯಾರು ಬಂದು ಹಗ್ಗ ಹಿಡಿದರೂ ಮೀನಿನಲ್ಲಿ ಅವರಿಗೆ ಪಾಲುಂಟು. ದರ್ಜಿ ಅಂಗಡಿಯವನು ಅಳತೆಪಟ್ಟಿ ಕೊರಳಲ್ಲಿ ಇರುವಂತೆಯೇ ಓಡಿ ಬಂದದ್ದನ್ನು ನಾನೇ ನೋಡಿದ್ದೇನೆ. (ಇದು ಎಡಗಡೆಯ ಮಾತು.)

ಮಾವನ ಮಗಳು ವೀಣಾ, ಅಳಿಯ ದಿನಕರ ಒಮಾನಿನ ದುಕ್ಮ್‌ನಲ್ಲಿದ್ದಾರೆ. ದಿನಕರನಿಗೆ ಅಲ್ಲಿಯ ಬಂದರಿನಲ್ಲಿ ಕ್ರೇನು ರಿಪೇರಿಯ ಕೆಲಸ. ಮಗಳು ನಾಲ್ಕು ವರ್ಷ ಕರೆದರೂ ಮಾವ ಹೊರಟಿರಲಿಲ್ಲ. ಆದರೆ ನಮ್ಮ ಕಡಲತಡಿಗೂ ಒಂದು ದೊಡ್ಡ ಬಂದರು ಬರುತ್ತದೆ, ಅಂಕೋಲೆಯಲ್ಲಿ ಅಹವಾಲು ಸಭೆ ನಡೆಯುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಪಾಸ್‌ಪೋರ್ಟ್ ಮಾಡಿಸಿದ.

“ಹಮ್ಮಣ್ಣ ಖುದ್ದು ನೋಡ್ಕಂಡ್ ಬರ್ಲಿ,” ಎಂದಿದ್ದರು ದಂಡೆಯವರು. “ಅಂವ ಸಭೆಲಿ ಏನು ಹೇಳ್ತಾನೋ ಅದೇ ನಮ್ಮ ಮಾತು.”

ಅದೇ ಸಭೆಗೆ ಅಭಿಪ್ರಾಯ ಬರೆದುಕೊಡುವಂತೆ ನನಗೂ ಪತ್ರ ಬಂದಿತ್ತು. ‘ಬೆಳೆಯುತ್ತಿರುವ ಬಂದರು ನಗರದ ಆಯಕಟ್ಟಿನ ಹಾಗೂ ಆರ್ಥಿಕ ಮಹತ್ವ’ ಎಂದು ಐದು ಪುಟ ಬರೆದಿಟ್ಟಿದ್ದೆ. ದುಕ್ಮ್‌ ಹೆಸರು ಅದರಲ್ಲಿ ಏಳು ಸಲ ಬರುತ್ತದೆ. ನಾನು ಒಂದು ಸಲವೂ ಹೋಗಿರಲಿಲ್ಲ. ಮಾವನ ಜೊತೆ ಹೊರಟರೆ ನನ್ನ ಸಂಕೋಚವೂ ಹೋಗುತ್ತದೆ, ಆ ವೈಭವ ನೋಡಿ ಮಾವ ಸಭೆಯಲ್ಲಿ ಹೂಂ ಎಂದೂ ಬಿಡುತ್ತಾನೆ ಎಂಬ ಆಸೆ ನನಗೆ.

“ಅಲ್ಲ ತಂಗಿ, ನೋಡುಕೆ ಮೊದ್ಲೇ ಬರ್ದ್ಯಾ?” ಎಂದು ಮಾವ ಕೇಳಿದ. ಸೋದರ ಸೊಸೆಯಾದರೂ ಅವನ ಬಾಯಲ್ಲಿ ನಾನು ‘ತಂಗಿ’.

“ಓದಿ ಬರದದ್ದು ಮಾವ.”

“ಹಂಗಾದ್ರೆ ಓದಿದ್ದು ಖರೆ ಹೌದೋ ಅಲ್ಲೋ ನೋಡ್ಕಂಡ್ ಬರ್ವಾ.”

ಮರಳಿನ ದಾರಿ

ಮಾವನ ಚೀಲದಲ್ಲಿ ಮಗಳಿಗೆಂದು ಒಣ ಸಿಗಡಿ ಇತ್ತು. ಮೂರು ಪ್ಲಾಸ್ಟಿಕ್, ಅದರ ಮೇಲೆ ಒಂದು ಹಳೆ ಪಂಚೆ, ಅದರ ಮೇಲೆ ಮಾವನ ಭರವಸೆ. ವಿಮಾನ ಮೇಲೇರಿದಂತೆ ವಾಸನೆಯೂ ಮೇಲೇರಿತು. ಮುಂದಿನ ಸಾಲಿನ ಹೆಂಗಸು ಎರಡು ಸಲ ತನ್ನ ಮಗುವಿನ ಚಡ್ಡಿ ಪರೀಕ್ಷಿಸಿದಳು. ಮಾವ ಕಿಟಕಿಯಾಚೆ ಮೋಡ ನೋಡುತ್ತ ಕೂತಿದ್ದ. ನಾನು ಮಗುವಿನ ಮೇಲೆ ಬಂದ ಅಪವಾದವನ್ನು ತೆಗೆಯದೆ ಸುಮ್ಮನಿದ್ದೆ.

ಮಸ್ಕತ್ತಿನಲ್ಲಿ ಸುಂಕದ ಅಧಿಕಾರಿ ಚೀಲ ತೆರೆಸಿದ. ಬಗ್ಗಿ ಮೂಸಿದ. ಅವನ ಮುಖದಲ್ಲಿ ಯಾರೋ ಊರಿನವರು ಎದುರಾದಂಥ ನಗು ಬಂತು. ತಾನೇ ಜಿಪ್ ಎಳೆದು ಚೀಲವನ್ನು ಮಾವನ ಕೈಗೆ ಕೊಟ್ಟ.

“ಕಡಲ ಬದಿ ಹುಟ್ದವ,” ಎಂದ ಮಾವ.

ಅಲ್ಲಿಂದ ಬಸ್ಸು. ಒಂದು ತಾಸು, ಎರಡು ತಾಸು, ನಾಲ್ಕು ತಾಸು. ಹೊರಗೆ ಅದೇ ಮರಳು, ಅದೇ ಕಲ್ಲು. ನಮ್ಮ ಕಾರವಾರದಲ್ಲಿ ಒಂದು ಬದಿ ಗುಡ್ಡ, ಇನ್ನೊಂದು ಬದಿ ಸಮುದ್ರ. ನಡುವಿನ ಪಟ್ಟಿಯಲ್ಲಿ ಹೆದ್ದಾರಿ, ರೈಲು, ನೌಕಾನೆಲೆ ಎಲ್ಲ ಹಿಡಿಯಬೇಕು. ಉಳಿದ ಜಾಗದಲ್ಲಿ ನಾವು. ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಮಡಚಿಕೊಳ್ಳಬೇಕು. ನೌಕಾನೆಲೆ ಕಾಲು ಚಾಚಿದಾಗ ನಮ್ಮ ಎಷ್ಟೋ ನೆಂಟರು ಮನೆಯನ್ನೇ ಮಡಚಿಕೊಂಡು ಎದ್ದರು. ಈ ಮರಳುಗಾಡನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಯಾರನ್ನೂ ಏಳಿಸದೆ ಹತ್ತು ಬಂದರು ಕಟ್ಟಬಹುದು ಎಂದು ದಿನಚರಿಯಲ್ಲಿ ಬರೆದೆ. ಯಾವ ಬದಿಗೆ ಬರೆದೆ ಎಂದು ಈಗ ನೋಡಿದರೆ, ಎಡಗಡೆಗೆ. ತಪ್ಪು.

ಮಾವನ ಚಿಂತೆಯೇ ಬೇರೆ. “ಇಷ್ಟು ಜಾಗ. ಬೇಲಿ ಜಗಳ ಆಡುಕೆ ನೆರೆಮನೆಯವ ಒಬ್ಬನೂ ಇಲ್ಲ. ಇವ್ರಿಗೆ ಹೊತ್ತು ಹೋಗೂದು ಹೆಂಗೆ?”

ಒಂದು ಕಡೆ ಒಂಟೆಗಳ ಸಾಲು ರಸ್ತೆ ದಾಟಿತು. ಬಸ್ಸು ನಿಂತಿತು. ಚಾಲಕ ಹಾರ್ನ್ ಒತ್ತಲಿಲ್ಲ. ಅಂಕೋಲೆಯ ಹೆದ್ದಾರಿಯಲ್ಲಿ ಮಲಗಿರುವ ದನಗಳನ್ನು ನೆನೆದು, “ಎಲ್ಲ ಕಡೆ ದೊಡ್ಡವ್ರು ಇವ್ರೇ,” ಎಂದ ಮಾವ.

ದುಕ್ಮ್

ದುಕ್ಮ್‌ನಲ್ಲಿ ಊರಿಗಿಂತ ಮೊದಲು ದೀಪದ ಕಂಬಗಳು ಬಂದಿವೆ. ಅಗಲವಾದ ರಸ್ತೆ, ಅದರ ಎರಡೂ ಬದಿಗೆ ಕಂಬ, ಕಂಬದ ಕೆಳಗೆ ಯಾರೂ ಇಲ್ಲ. ಮದುವೆಗೆ ಚಪ್ಪರ ಹಾಕಿ, ಕುರ್ಚಿ ಇಟ್ಟು, ದಿಬ್ಬಣದ ದಾರಿ ನೋಡುತ್ತ ನಿಂತ ಮನೆಯಂತೆ ಕಾಣುತ್ತದೆ ಆ ನಗರ.

ದಿನಕರ ಬಂದರು ತೋರಿಸಲು ಅನುಮತಿ ಪಡೆದಿದ್ದ. ನಮಗೆ ಹಳದಿ ಜಾಕೀಟು, ಹೆಲ್ಮೆಟ್ಟು ಕೊಟ್ಟರು. ಮಾವ ತಲೆಗೆ ಟವೆಲ್ಲು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡ. ಅದು ದಿನವಿಡೀ ಅವನ ತಲೆಯ ಮೇಲೆ ಕೂತಿರಲಿಲ್ಲ, ನಿಂತಿತ್ತು.

ಹಡಗು ರಿಪೇರಿಯ ಕಟ್ಟೆಯಲ್ಲಿ, ನಮ್ಮ ಕಾರವಾರದ ಇಡೀ ಬೈತಖೋಲ ಮೀನುಬಂದರು ಹಿಡಿಸುವಷ್ಟು ಉದ್ದದ ಹಡಗೊಂದು ನೀರಿಲ್ಲದೆ ಒಣ ನೆಲದಲ್ಲಿ ನಿಂತಿತ್ತು. ಅದರಾಚೆ ಎಣ್ಣೆಯ ಟಾಕಿಗಳು, ಇನ್ನೂ ಆಚೆ ಯಾವುದೋ ದೇಶದ ಬೂದು ಬಣ್ಣದ ಯುದ್ಧನೌಕೆ. ನಮ್ಮ ನೌಕಾಪಡೆಯವೂ ಬರುತ್ತವೆ ಎಂದು ದಿನಕರ ಹೇಳಿದ. ನನಗೆ ಉತ್ಸಾಹ ತಡೆಯಲಾಗಲಿಲ್ಲ. ಕೈಯಾಡಿಸುತ್ತ ಪಾಠ ಶುರು ಮಾಡಿದೆ. ಕೊಲ್ಲಿಯ ಎಣ್ಣೆ ಹೊರಗೆ ಬರಬೇಕಾದರೆ ಹೊರ್ಮುಜ್ ಎಂಬ ಇಕ್ಕಟ್ಟಾದ ಜಲಸಂಧಿ ದಾಟಬೇಕು. ಅಲ್ಲಿ ಜಗಳವಾದರೆ ದಾರಿ ಬಂದ್. ದುಕ್ಮ್ ಮಾತ್ರ ಆ ಇಕ್ಕಟ್ಟಿನ ಹೊರಗಿದೆ, ತೆರೆದ ಅರಬ್ಬಿ ಸಮುದ್ರದ ಮೇಲೆ. ಅದಕ್ಕೇ ಎಲ್ಲರ ಕಣ್ಣು ಇದರ ಮೇಲೆ.

ಮಾವ ಪೂರ್ತಿ ಕೇಳಿದ. “ಅಂದ್ರೆ ಪೇಟೆ ಹೊರಗಿನ ಬಸ್ ಸ್ಟ್ಯಾಂಡ್ ಇದ್ದಂಗೆ. ಪೇಟೆಲಿ ಗಲಾಟೆ ಇದ್ದ ದಿನ ಬಸ್ಸು ಅಲ್ಲೇ ನಿಂತು ಹೋಗ್ತದೆ.”

ನಾನು ಮೂರು ತರಗತಿಗಳಲ್ಲಿ ಹೇಳುವುದನ್ನು ಮಾವ ಒಂದು ಉಸಿರಿನಲ್ಲಿ ಮುಗಿಸಿದ್ದ.

“ಬರೇ ಬಸ್ ಸ್ಟ್ಯಾಂಡ್ ಅಲ್ಲ ಮಾವ,” ಎಂದ ದಿನಕರ. “ಗ್ಯಾರೇಜು, ಪೆಟ್ರೋಲ್ ಪಂಪು ಎಲ್ಲ ಇಲ್ಲೇ ಉಂಟು. ಅದಕ್ಕೇ ನಮ್ಮಂಥವ್ರಿಗೆ ಅನ್ನ.”

“ಹೌದು ಮಾರಾಯ. ಅದು ಸುಳ್ಳಲ್ಲ,” ಎಂದ ಮಾವ. ಅಳಿಯನ ಹೆಗಲ ಮೇಲೆ ಕೈಯಿಟ್ಟು ಆ ಹಡಗನ್ನು ಮತ್ತೊಮ್ಮೆ ನೋಡಿದ. ಅವನಿಗೆ ಹೆಮ್ಮೆಯಾಗಿತ್ತು. ಕೆಲಸ ಅರ್ಧ ಆಯಿತು ಎಂದುಕೊಂಡೆ.

ಆಮೇಲೆ ಮಾವ ಕೇಳಿದ: “ಇದೆಲ್ಲ ಬರೂಕೆ ಮೊದ್ಲು ಇಲ್ಲಿ ಯಾರಿದ್ರು?”

“ಗೊತ್ತಿಲ್ಲ ಮಾವ. ನಾವು ಬಂದಾಗ್ಲೇ ಹಿಂಗಿತ್ತು. ಮೀನಿನವ್ರು ಇದ್ರಂತೆ, ಒಂಟೆಯವ್ರು ಇದ್ರಂತೆ.”

ಮರುದಿನ ಮೀನುಗಾರಿಕೆಯ ಬಂದರಿಗೆ ಹೋದೆವು. ಉದ್ದನೆಯ ಕಾಂಕ್ರೀಟು ಕಟ್ಟೆ, ಕನ್ನಡಿಯಂತೆ ಸ್ವಚ್ಛ. ಬೈತಖೋಲದಲ್ಲಿ ಬೆಳಿಗ್ಗೆ ಟ್ರಾಲರುಗಳು ಬಂದವೆಂದರೆ ಐಸಿನ ಪುಡಿ, ಕಾಗೆ, ಬುಟ್ಟಿ ಹಿಡಿದ ಹೆಂಗಸರು, ಏಲಂ ಕೂಗುವವರ ಗಂಟಲು ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಇಲ್ಲಿ ಗಂಡಸರು ಇಸೋಣ ಮೀನುಗಳ ಸುತ್ತ ಕುಕ್ಕುರುಗಾಲಿನಲ್ಲಿ ಕೂತು, ಸೂತಕದ ಮನೆಗೆ ಬಂದವರಂತೆ ಮೆಲ್ಲಗೆ ಮಾತಾಡುತ್ತಿದ್ದರು. ಅದೇ ಏಲಂ ಎಂದು ತಿಳಿಯುವ ಹೊತ್ತಿಗೆ ಅದು ಮುಗಿದಿತ್ತು.

“ಚೆಂದ ಉಂಟು,” ಎಂದ ಮಾವ. “ಆದ್ರೆ ಹೆಂಗಸ್ರಿಲ್ದೆ ಮೀನು ಮಾರೂದು ಹೆಂಗೆ? ಬೈಯೂಕೆ ಯಾರಿದ್ದಾರೆ?”

ದಕ್ಷಿಣದ ದಂಡೆ

ದಿನಕರನ ರಜೆಯ ದಿನ ಕಾರಿನಲ್ಲಿ ಕಡಲಗುಂಟ ದಕ್ಷಿಣಕ್ಕೆ ಹೊರಟೆವು. ಒಂದು ಸಣ್ಣ ಹಳ್ಳಿ ದಾಟುವಾಗ ಮಾವ, “ನಿಲ್ಸು, ನಿಲ್ಸು,” ಎಂದ.

ನೀರಿನ ಮೇಲೆ ಅರ್ಧಚಂದ್ರದಂತೆ ತೇಲುಗುಂಡುಗಳ ಸಾಲು. ಎರಡು ತುದಿಯಿಂದ ಎರಡು ಹಗ್ಗ ದಂಡೆಗೆ ಬಂದಿದ್ದವು. ನಮ್ಮ ರಂಪಣಿಯೇ. ಆದರೆ ಹಗ್ಗದ ತುದಿಯಲ್ಲಿ ಜನರಿರಲಿಲ್ಲ. ಒಂದೊಂದು ಪಿಕಪ್ ಗಾಡಿ ಇತ್ತು. ಹಗ್ಗ ಕಟ್ಟಿಕೊಂಡು ಅವು ಮರಳಿನ ಮೇಲೆ ಮೇಲಕ್ಕೆ ತೆವಳುತ್ತಿದ್ದವು. ಐದಾರು ಜನ ಬಲೆಯ ಅಂಚು ಸರಿಪಡಿಸುತ್ತ ನಿಂತಿದ್ದರು.

ವೀಣಾ “ಅಪ್ಪಾ” ಅನ್ನುವುದರೊಳಗೆ ಮಾವ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಓಡಿಹೋಗಿ ಹಗ್ಗ ಹಿಡಿದಾಗಿತ್ತು. ಹಿಂದಕ್ಕೆ ವಾಲಿ, ಹಿಮ್ಮಡಿ ಮರಳಿನಲ್ಲಿ ಊರಿ, ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಇಡುವ ನಮ್ಮ ದಂಡೆಯ ನಡಿಗೆ. ಗಾಡಿ ಜಗ್ಗಿದ ರಭಸಕ್ಕೆ ಮಾವ ಕುಂಡೆ ಊರಿ ಕೂತ. ಎದ್ದು ಮತ್ತೆ ಹಿಡಿದ. ಗಾಡಿಯವನು ಕನ್ನಡಿಯಲ್ಲಿ ನೋಡಿದನೆಂದು ಕಾಣುತ್ತದೆ; ವೇಗ ಇಳಿಸಿದ. ಅಲ್ಲಿಂದ ಮುಂದೆ ಆ ಪಿಕಪ್ ಹಮ್ಮಣ್ಣ ಮಾವನ ಹೆಜ್ಜೆಗೆ ಸರಿಯಾಗಿ ನಡೆಯಿತು.

ದಿನಚರಿಯಲ್ಲಿ ‘ನಾನೂ ಹಗ್ಗ ಹಿಡಿದೆ’ ಎಂದಿದೆ. ವೀಣಾ ತೆಗೆದ ಫೋಟೋದಲ್ಲಿ ನಾನು ಮಾವನ ಚಪ್ಪಲಿ ಹಿಡಿದುಕೊಂಡು ನಿಂತಿದ್ದೇನೆ.

ಬಲೆ ದಂಡೆಗೆ ಬಂತು. ಬಿಸಿಲಿಗೆ ಬೆಳ್ಳಿಯಂತೆ ಕುದಿಯುವ ತಾರ್ಲೆ ಮೀನು. ಒಂದು ಲಾರಿ ಹಿಮ್ಮುಖವಾಗಿ ಬಂದು ನಿಂತಿತು. ಸಲಿಕೆಯಿಂದ ಎತ್ತಿ ತುಂಬತೊಡಗಿದರು. ಇದರಲ್ಲಿ ಬಹುಪಾಲು ಒಣಗಿ ಒಂಟೆಗಳಿಗೆ ಮೇವಾಗುತ್ತದೆ ಎಂದು ದಿನಕರ ಹೇಳಿದ. ನಾವು ಕಾರಿನತ್ತ ತಿರುಗಿದೆವು. ಮಾವ ತಿರುಗಲಿಲ್ಲ.

ಅವನು ಬಲೆಯ ಪಕ್ಕದಲ್ಲಿ, ಹೆಗಲ ಟವೆಲ್ಲು ಬಿಚ್ಚಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ನಿಂತಿದ್ದ. ಹಾರವಾಡದ ದಂಡೆಯಲ್ಲಿ ಹಗ್ಗ ಎಳೆದವರು ಹಾಗೆಯೇ ನಿಲ್ಲುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಹಂಚುವವನು ಬರುತ್ತಾನೆ, ಟವೆಲ್ಲಿಗೆ ಹಾಕುತ್ತಾನೆ, ಮುಂದೆ ಹೋಗುತ್ತಾನೆ.

ಇಲ್ಲಿ ಯಾರೂ ಬರಲಿಲ್ಲ.

“ಮಾವ, ಇಲ್ಲಿ ಹಂಗಿಲ್ಲ. ಬನ್ನಿ, ನಾ ಪೇಟೆಲಿ ತಂದ್ಕೊಡ್ತೆ,” ಎಂದ ದಿನಕರ.

“ಪೇಟೆ ಮೀನು ಯಾರಿಗೆ ಬೇಕು?”

“ಅಪ್ಪಾ, ಮಾನ ತೆಗೀಬೇಡ,” ಎಂದಳು ವೀಣಾ. “ಎಲ್ರೂ ನೋಡ್ತಿದ್ದಾರೆ.”

“ನೋಡ್ಲಿ. ಅದಕ್ಕೇ ನಿಂತದ್ದು.”

ಪಿಕಪ್ಪಿನಿಂದ ಬಲೆಯ ಯಜಮಾನ ಇಳಿದು ಬಂದ. ಮಾವನದೇ ವಯಸ್ಸು, ತಲೆಗೆ ಬಣ್ಣದ ವಸ್ತ್ರ. ಹೆಸರು ಸಾಲಿಂ. ಭಾರತ, ಪಾಕಿಸ್ತಾನಗಳಿಂದ ಬಂದ ಕೆಲಸಗಾರರ ಸಂಗದಲ್ಲಿ ಕಲಿತ ಹಿಂದಿ ಅವನಿಗೆ ಸಾಕಷ್ಟು ಬರುತ್ತಿತ್ತು. ಟವೆಲ್ಲು ಹಿಡಿದು ಬೆವರುತ್ತ ನಿಂತ ಮುದುಕನನ್ನು ನೋಡಿ ಅವನಿಗೆ ಮರುಕವಾಗಿರಬೇಕು. ಗಾಡಿಯಿಂದ ತಣ್ಣನೆಯ ನೀರಿನ ಬಾಟಲಿ ತಂದು ಕೊಟ್ಟ. ಮಾವ ಕುಡಿದು, ಬಾಟಲಿ ತಿರುಗಿ ಕೊಟ್ಟು, ಮತ್ತೆ ಟವೆಲ್ಲು ಹರಡಿದ.

ಸಾಲಿಂ ಆಗ ನಕ್ಕು, ತನ್ನವರಿಗೆ ಏನೋ ಹೇಳಿದ. ಇಬ್ಬರು ಒಂದು ದೊಡ್ಡ ಕ್ರೇಟು ತುಂಬ ಮೀನು ಎತ್ತಿ ನಮ್ಮ ಕಾರಿನತ್ತ ಹೊರಟರು. ದಿನಕರನ ಮುಖ ಅರಳಿತು.

“ಬ್ಯಾಡ ಅನ್ನು,” ಎಂದ ಮಾವ. “ದಾನ ಬ್ಯಾಡ. ಪಾಲು ಕೊಡು ಅನ್ನು.”

ದಿನಕರ ನನ್ನ ಮುಖ ನೋಡಿದ. ಹಿಂದಿಯಲ್ಲಿ ಹೇಳಿ ಎಂಬಂತೆ. ನಾನು ಹೇಳತೊಡಗಿದೆ. ನಮ್ಮೂರಲ್ಲೂ ಇದೇ ಬಲೆ ಇದೆ. ಹಗ್ಗ ಹಿಡಿದವನಿಗೆ ಎರಡು ಕೈಗೆ ಎಷ್ಟು ಸಲ್ಲುತ್ತದೋ ಅಷ್ಟು. ಹೆಚ್ಚು ಕೊಟ್ಟರೆ ಅವಮಾನ, ಕೊಡದಿದ್ದರೆ ಜಗಳ. ನನ್ನ ಹಿಂದಿ ಎಷ್ಟು ತಲುಪಿತೋ ಗೊತ್ತಿಲ್ಲ. ಸಾಲಿಂ ನಗುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ಹಗ್ಗವನ್ನೂ ಗಾಡಿಯನ್ನೂ ನೋಡಿದ. ಆಮೇಲೆ ಬಗ್ಗಿ, ಎರಡು ಬೊಗಸೆ ಮೀನನ್ನು ತಾನೇ ಎತ್ತಿ ಮಾವನ ಟವೆಲ್ಲಿಗೆ ಹಾಕಿದ.

ಮಾವ ಗಂಟು ಕಟ್ಟಿದ. ಇಬ್ಬರೂ ಮರಳಿನ ಮೇಲೆ ಕೂತರು. ಖರ್ಜೂರ ಬಂತು, ಕಾಫಿ ಬಂತು. ತನ್ನ ತಂದೆಯ ಕಾಲದಲ್ಲಿ ಹೀಗೆಯೇ ಕೊಡುತ್ತಿದ್ದರು ಎಂದ ಸಾಲಿಂ. ಬಲೆ ಬಿದ್ದರೆ ಇಡೀ ಹಳ್ಳಿ ಬರುತ್ತಿತ್ತು. ಈಗ ಹಳ್ಳಿಯ ಹುಡುಗರೆಲ್ಲ ಬಂದರಿನಲ್ಲಿದ್ದಾರೆ. ತನ್ನ ಮಗನೂ ಅಲ್ಲೇ, ತಂಪು ಕೋಣೆಯಲ್ಲಿ ಕೂರುವ ಕೆಲಸ. ಬಹಳ ಒಳ್ಳೆಯದಾಯಿತು, ದೇವರು ದೊಡ್ಡವನು. ಎಳೆಯುವವರಿಲ್ಲ ಎಂದೇ ಗಾಡಿ ತಂದದ್ದು.

“ಗಾಡಿಗೆ ಒಂದು ಗುಣ ಉಂಟು,” ಎಂದು ಕಾಫಿ ಬಗ್ಗಿಸುತ್ತ ಹೇಳಿದ. “ಅದು ಪಾಲು ಕೇಳೋದಿಲ್ಲ.”

ನಾನು ಇದನ್ನು ಮಾವನಿಗೆ ಹೇಳಿದೆ. ಮಾವ ತಲೆದೂಗಿದ. ಅಷ್ಟೇ. ಆ ದಿನ ಮಾವ ಮತ್ತೆ ಬಂದರಿನ ವಿಷಯ ಎತ್ತಲಿಲ್ಲ. ಸಂಜೆ ವೀಣಾ ಆ ಎರಡು ಬೊಗಸೆ ಮೀನಿಗೆ ತೆಪ್ಪಲು ಕಾಯಿಯ ಮಸಾಲೆ ಹಾಕಿ ಹುಳಿ ಮಾಡಿದಳು. ದಿನಕರ ಎರಡು ಸಲ ಬಡಿಸಿಕೊಂಡ. ಮಾನದ ಮಾತು ಯಾರೂ ಆಡಲಿಲ್ಲ.

ವಾಪಸು

ವಿಮಾನದಲ್ಲಿ ಮಾವ, “ಆ ಐದು ಪುಟ ಓದು,” ಎಂದ. ಓದಿದೆ. ಆಳವಾದ ನೀರು, ಗುಡ್ಡದ ಮರೆ, ಹೆದ್ದಾರಿ, ರೈಲು, ಅದಿರು, ಎಣ್ಣೆ, ದೇಶದ ರಕ್ಷಣೆ. ಮಾವ ಕಣ್ಣು ಮುಚ್ಚಿ ಕೇಳಿದ. ಸಭೆಯಲ್ಲಿ ಹೂಂ ಎನ್ನುತ್ತಾನೋ ಊಹೂಂ ಎನ್ನುತ್ತಾನೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ.

“ಎಲ್ಲ ಖರೆ,” ಎಂದ. “ನಾ ನೋಡ್ದಂಗೇ ಉಂಟು. ಆದ್ರೆ ತಂಗಿ, ಇದ್ರಲ್ಲಿ ದಂಡೆ ಮೇಲೆ ಯಾರೂ ಇಲ್ಲಲಾ.”

ನಾನು ಹಳೆಯ ಕತೆಯೊಂದನ್ನು ತೆಗೆದೆ. “ನಂಗೆ ಇದೆಲ್ಲ ಗೊತ್ತಿಲ್ದೆ ಅಲ್ಲ ಮಾವ. ಸಣ್ಣವಳಿದ್ದಾಗ ನಾನೂ ಹಗ್ಗ ಹಿಡ್ದು ಎಳ್ದು, ಎರಡು ತಾರ್ಲೆ ಪಾಲು ತಕಂಡವಳು.” ಶ್ರಮಕ್ಕೆ ತಕ್ಕ ಪ್ರತಿಫಲ ಎಂಬ ಪಾಠಕ್ಕೆ ಪ್ರತಿವರ್ಷ ಇದೇ ನನ್ನ ಉದಾಹರಣೆ.

ಮಾವ ಕಣ್ಣು ತೆರೆದ. “ನೀ ಯಾವಾಗ ಎಳದ್ಯೇ? ಹಗ್ಗ ಕೈ ಕೊಯ್ತದೆ ಅಂತ ದೂರ ನಿಂತು ಅಳ್ತಿದ್ದೆ.”

“ಮತ್ತೆ ಆ ಎರಡು ಮೀನು?”

“ಅಳೂಕೆ ಬಂದವ್ರಿಗೂ ಎರಡುಂಟು. ದಂಡೆಗೆ ಬಂದ್ರಲಾ.”

ಇಷ್ಟು ವರ್ಷ ನನ್ನ ವಿದ್ಯಾರ್ಥಿಗಳಿಗೆ ಏನು ಕಲಿಸಿದೆನೋ. ದಿನಚರಿ ತೆಗೆದೆ. ಎಡಕ್ಕೆ ಬರೆಯಬೇಕೋ ಬಲಕ್ಕೋ ತಿಳಿಯದೆ ಗೆರೆಯ ಮೇಲೆಯೇ ಬರೆದೆ.

ಇಳಿಯುವ ಮೊದಲು ಮಾವ ತನ್ನ ತೀರ್ಮಾನ ಹೇಳಿದ. “ಬಂದರು ಬ್ಯಾಡ ಅನ್ನೂಕೆ ನಾ ಹೋಗೂದಿಲ್ಲ. ಅಳಿಯ ಉಣ್ಣೂದು ಅದ್ರದ್ದೇ. ಪಾಲು ಕೇಳುಕೆ ಹೋಗೂದು.”

ಅಂಕೋಲೆ

ಸಭೆಗೆ ಮೊದಲು ಮನೆಮನೆಗೆ ಒಂದು ಫಾರ್ಮು ಬಂದಿತ್ತು. ಬಲೆಯ ಮಾಲಕರ ಹೆಸರು, ದೋಣಿಯ ನೋಂದಣಿ ಸಂಖ್ಯೆ. ಮಾವನ ದಂಡೆಗೆ ಒಂದು ಬಲೆ, ಒಂದು ದೋಣಿ. ಹಾಗಾಗಿ ಒಂದು ಹೆಸರು. ಅದು ಮಾವನದೇ. ಬಂದರು ಬಂದು ಆ ದಂಡೆ ಹೋದರೆ ಪರಿಹಾರ, ಹೊಸ ಕಟ್ಟೆಯಲ್ಲಿ ಜಾಗ, ಮನೆಗೊಂದು ಕೆಲಸ ಎಲ್ಲ ಆ ಹೆಸರಿಗೆ. ಸಹಿ ಮಾಡಿದ್ದರೆ ಅವನಿಗೇನೂ ನಷ್ಟವಿರಲಿಲ್ಲ. ಹಗ್ಗ ಹಿಡಿಯುವವರು ಯಾವ ಕಾಗದದಲ್ಲೂ ಇರಲಿಲ್ಲ.

ಎರಡು ಸಂಜೆ ಮಾವ ನನ್ನನ್ನು ಜಗಲಿಯಲ್ಲಿ ಕೂರಿಸಿ ಹೆಸರು ಬರೆಸಿದ. ದರ್ಜಿ, ಬುಟ್ಟಿ ಹೊರುವ ಗಂಗೆ, ಗದ್ದೆ ಕೆಲಸ ಇಲ್ಲದ ದಿನ ಬರುವ ಅಣ್ಣತಮ್ಮಂದಿರು, ಕಣ್ಣು ಕಾಣದಿದ್ದರೂ ಹಗ್ಗದ ಕೊನೆ ಸುತ್ತಿಡುವ ಅಜ್ಜ. ನೆನಪಾದಂತೆ ಒಬ್ಬೊಬ್ಬರೇ ಬಂದರು. ನನ್ನ ನೆನಪಿನ ಹಾಗಲ್ಲ ಮಾವನದು. ಒಂದು ಹೆಸರನ್ನೂ ತಿದ್ದಬೇಕಾಗಲಿಲ್ಲ.

ಸಭೆಯಲ್ಲಿ ಮಾವ ಆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟ. ಅಧಿಕಾರಿ ಸಭ್ಯಸ್ಥರು. ತಾಳ್ಮೆಯಿಂದ ಓದಿದರು.

“ಯಜಮಾನ್ರೇ, ಇವರ್ಯಾರೂ ಮಾಲಕರಲ್ಲವಲ್ಲ. ನಮ್ಮ ಫಾರ್ಮಿನಲ್ಲಿ ಮಾಲಕರಿಗೆ ಮಾತ್ರ ಜಾಗ ಇರೋದು. ನಿಮ್ಮ ಹೆಸರು ಇದೆ. ನಿಮಗೇನು ತೊಂದರೆ?”

ಮಾವ ಹೆಗಲ ಮೇಲಿನ ಟವೆಲ್ಲು ತೆಗೆದ. ಒಮ್ಮೆ ಕೊಡವಿದ. ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಮೇಜಿನ ಮುಂದೆ ನಿಂತ. ಸಭೆಯ ಹಿಂದಿನ ಸಾಲುಗಳಲ್ಲಿ ಕೂತಿದ್ದ ದಂಡೆಯವರ ಮಾತು ಒಮ್ಮೆಲೇ ನಿಂತಿತು. ಅವರಿಗೆ ಗೊತ್ತಾಗಿತ್ತು.

ಅಧಿಕಾರಿ ಸ್ವಲ್ಪ ಗಲಿಬಿಲಿಯಾದರು. ಫ್ಯಾನಿನ ಕಡೆ ನೋಡಿದರು. ಆಮೇಲೆ ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ಮಾವನ ಕಡೆ ಸರಿಸಿದರು.

ಮಾವ ಬಾಟಲಿ ಮುಟ್ಟಲಿಲ್ಲ. ತಿರುಗಿ ನನ್ನನ್ನು ನೋಡಿದ. ನನ್ನ ಕೈಯಲ್ಲಿ ಐದು ಪುಟಗಳಿದ್ದವು. ಅವನ್ನು ಕುರ್ಚಿಯ ಮೇಲಿಟ್ಟು ನಾನು ಎದ್ದು ನಿಂತೆ. ಸಾಲಿಂಗೆ ಹಿಂದಿಯಲ್ಲಿ ಹೇಳಿದ್ದನ್ನು ಈ ಸಲ ಕನ್ನಡದಲ್ಲೇ ಹೇಳಬೇಕಾಗಿತ್ತು; ಅದೇ ಕಷ್ಟ ಅನಿಸಿತು.